ಚಿನ್ನಕ್ಕೆ ಅಪ್ಪಣೆ ಕೊಟ್ಟ ಕೆಂಪು ಕಚೇರಿ

ಕಲಬುರಗಿಯ ಬಜಾರಿನಲ್ಲಿ 'ಅಠಾರಾ' ಎಂದರೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕನ್ನಡದ ಜೊತೆಗೆ ಉರ್ದು, ದಖನಿ ಮಾತುಗಳನ್ನು ಕೇಳುತ್ತಲೇ ಬೆಳೆದ ಊರಿದು. ಅಠಾರಾ ಎಂದರೆ ಹದಿನೆಂಟು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಇಲ್ಲಿಂದ ಸುಮಾರು 600 ಕಿ.ಮೀ. ದೂರದ ಬೆಂಗಳೂರಿನಲ್ಲಿ, ವಿಧಾನಸೌಧದ ಎದುರಿಗೆ ಕಬ್ಬನ್ ಉದ್ಯಾನದ ಅಂಚಿನಲ್ಲಿ ನಿಂತಿರುವ ಕೆಂಪು ಕಟ್ಟಡಕ್ಕೆ 'ಅಠಾರಾ ಕಚೇರಿ' ಎಂಬ ಹೆಸರು ಏಕೆ ಬಂತು ಎಂದು ಕೇಳಿದರೆ ಅಲ್ಲಿಯವರೇ ಹಲವರು ತಡವರಿಸುತ್ತಾರೆ.

ಅದು ಕರ್ನಾಟಕ ಹೈಕೋರ್ಟಿನ ಪ್ರಧಾನ ಪೀಠ. ಕಟ್ಟಿ ಒಂದೂವರೆ ಶತಮಾನ ಕಳೆದಿದೆ. ಕಪ್ಪು ಕೋಟು ತೊಟ್ಟ ವಕೀಲರು, ಕಡತಗಳ ಗಂಟು ಹೊತ್ತ ಗುಮಾಸ್ತರು, ಮರದ ನೆರಳಿನಲ್ಲಿ ಕಾಯುತ್ತ ಕುಳಿತ ಕಕ್ಷಿದಾರರು ಇವರೆಲ್ಲ ಆ ಕಟ್ಟಡದ ಇಂದಿನ ಚಿತ್ರ. ಆದರೆ ಅದು ಹುಟ್ಟಿದ್ದು ನ್ಯಾಯಾಲಯವಾಗಿ ಅಲ್ಲ, ಒಂದು ಇಡೀ ಸಂಸ್ಥಾನದ ಆಡಳಿತ ಕಚೇರಿಯಾಗಿ. ಕೋಲಾರದ ನೆಲದಲ್ಲಿ ಚಿನ್ನ ಅಗೆಯಲು ಅಪ್ಪಣೆ ಬೇಡಿ ಒಬ್ಬ ನಿವೃತ್ತ ಸೈನಿಕ ಅರ್ಜಿ ಹಾಕಿದ್ದು ಇದೇ ಕಚೇರಿಯಲ್ಲಿ ಕುಳಿತಿದ್ದ ಸರ್ಕಾರಕ್ಕೆ. ಕರ್ನಾಟಕದ ಚಿನ್ನದ ಯುಗ ಗುದ್ದಲಿಯಿಂದಲ್ಲ, ಅರ್ಜಿಯಿಂದ ಆರಂಭವಾಯಿತು. ಈ ವ್ಯತ್ಯಾಸ ಸಣ್ಣದಲ್ಲ.

ಚಿನ್ನದ ಹಿಂದೆ ಓಡಿದ ಕೋರ್ಟುಗಳು

ಹೊರದೇಶಗಳಲ್ಲಿ ಈ ಕಥೆ ಬೇರೆಯೇ ಬಗೆಯದು. 1848ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹರಡುತ್ತಲೇ ಲಕ್ಷಾಂತರ ಜನ ಆ ಕಡೆಗೆ ಧಾವಿಸಿದರು. ಅಲ್ಲಿ ಮೊದಲು ಬಂದವರು ಅಗೆಯುವವರು. ಅವರ ಹಿಂದೆ ಅಂಗಡಿ, ಹೆಂಡದ ಗಡಂಗು, ಜೂಜಿನ ಕಟ್ಟೆ ಬಂದವು. ಕಾನೂನು ಬಂದದ್ದು ಕಟ್ಟಕಡೆಗೆ. ಯಾರ ಗುಂಡಿ ಎಲ್ಲಿಗೆ ಮುಗಿಯುತ್ತದೆ, ಯಾರ ನೀರಿನ ಕಾಲುವೆ ಯಾರದು ಎಂಬ ಜಗಳಗಳು ಕೊಲೆಯವರೆಗೂ ಹೋಗತೊಡಗಿದ ಮೇಲೆ ನ್ಯಾಯಾಲಯಗಳನ್ನು ಕಟ್ಟಬೇಕಾಯಿತು.

ಅವುಗಳಲ್ಲಿ ಒಂದು ಮಾರಿಪೋಸಾ ಎಂಬ ಊರಿನ ನ್ಯಾಯಾಲಯ. 1854ರಲ್ಲಿ ಎದ್ದ ಈ ಬಿಳಿಯ ಕಟ್ಟಡ ಪೂರಾ ಮರದ್ದು. ಅದರ ತೊಲೆಗಳನ್ನು ಗಾಡಿ ಕೊರೆದು ಮರದ ಗೂಟಗಳಿಂದಲೇ ಬಿಗಿಯಲಾಗಿದೆ. 1866ರಲ್ಲಿ ಮೇಲೊಂದು ಗಡಿಯಾರ ಬಂತು. ಕ್ಯಾಲಿಫೋರ್ನಿಯಾದಲ್ಲಿ ಬಳಕೆಯಲ್ಲಿರುವ ನ್ಯಾಯಾಲಯ ಕಟ್ಟಡಗಳಲ್ಲೆಲ್ಲ ಹಳೆಯದು ಇದೇ ಎಂಬ ಹೆಮ್ಮೆ ಆ ಊರಿನವರದು. ಚಿನ್ನದ ಗಣಿಗಳ ಒಡೆತನದ ದೊಡ್ಡ ವ್ಯಾಜ್ಯಗಳು ಅಲ್ಲಿ ನಡೆದವು.

ಆಸ್ಟ್ರೇಲಿಯಾದ ಬೀಚ್‌ವರ್ತ್ ಊರಿನ ಕಥೆಯೂ ಅಂಥದೇ. 1852ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, 1858ರಲ್ಲಿ ಕಲ್ಲಿನ ನ್ಯಾಯಾಲಯ ಎದ್ದಿತು. ಆ ದೇಶದ ಜನಪದದಲ್ಲಿ ಮನೆಮಾತಾಗಿರುವ ದರೋಡೆಕೋರ ನೆಡ್ ಕೆಲ್ಲಿಯನ್ನು 1880ರಲ್ಲಿ ಪ್ರಾಥಮಿಕ ವಿಚಾರಣೆಗೆ ನಿಲ್ಲಿಸಿದ್ದು ಅಲ್ಲಿಯೇ. 1989ರಲ್ಲಿ ಆ ನ್ಯಾಯಾಲಯದ ಕಲಾಪ ನಿಂತಿತು. ಈಗ ಅದು ಪ್ರವಾಸಿಗರು ನೋಡುವ ಸ್ಮಾರಕ.

ಎರಡೂ ಕಡೆ ಚಿನ್ನ ಮುಂದೆ, ಕೋರ್ಟು ಹಿಂದೆ. ಮೈಸೂರು ಸಂಸ್ಥಾನದಲ್ಲಿ ಮಾತ್ರ ಕಚೇರಿ ಮೊದಲೇ ಎದ್ದು ನಿಂತಿತ್ತು. ಚಿನ್ನವೇ ಅದರ ಬಾಗಿಲಿಗೆ ಬಂದು ಕಾಯಿತು.

ಹದಿನೆಂಟು ಇಲಾಖೆಗಳ ಮನೆ

1831ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ಅರಸರಿಂದ ತೆಗೆದುಕೊಂಡು ಕಮಿಷನರರ ಕೈಗೆ ಒಪ್ಪಿಸಿದರು. ಈ ವ್ಯವಸ್ಥೆ 1881ರವರೆಗೆ, ಅಂದರೆ ಐವತ್ತು ವರ್ಷ ನಡೆಯಿತು. ಆಡಳಿತದ ಕೇಂದ್ರ ಬೆಂಗಳೂರಿಗೆ ಬಂತು. ಕಚೇರಿಗಳಿಗೆ ಜಾಗ ಬೇಕಲ್ಲ, ಕೋಟೆಯೊಳಗಿನ ಟಿಪ್ಪು ಸುಲ್ತಾನನ ಮರದ ಅರಮನೆಯನ್ನೇ ಸರ್ಕಾರಿ ಕಚೇರಿ ಮಾಡಲಾಯಿತು. ಕಂದಾಯದಿಂದ ಹಿಡಿದು ಹದಿನೆಂಟು ಇಲಾಖೆಗಳು ಅಲ್ಲಿ ಕುಳಿತದ್ದರಿಂದ ಜನ ಅದನ್ನು ಅಠಾರಾ ಕಚೇರಿ ಎಂದರು.

1834ರಿಂದ 1861ರವರೆಗೆ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಅವರ ನಂತರ ಬಂದ ಲೆವಿನ್ ಬೌರಿಂಗ್ ಅವರಿಗೆ ಹಳೆಯ ಅರಮನೆ ಸಾಲದಾಯಿತು. ಹೊಸ ಕಟ್ಟಡದ ನಕ್ಷೆ ಹಾಕುವ ಹೊಣೆಯನ್ನು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಹೊತ್ತರು. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟವರು ಇವರೇ. ಕಬ್ಬನ್ ಉದ್ಯಾನವನ್ನು 1870ರಲ್ಲಿ ರೂಪಿಸಿದವರೂ ಇವರೇ. 1864ರಲ್ಲಿ ಆರಂಭವಾದ ಕೆಲಸ 1868ಕ್ಕೆ ಮುಗಿಯಿತು. ಕಚೇರಿಗಳೆಲ್ಲ ಕೋಟೆಯಿಂದ ಇಲ್ಲಿಗೆ ಬಂದವು. ಕಡತಗಳ ಜೊತೆಗೆ ಹೆಸರೂ ಬಂತು. ಸರ್ಕಾರಿ ಕಾಗದಗಳಲ್ಲಿ 'ಪಬ್ಲಿಕ್ ಆಫೀಸಸ್' ಎಂದು ಏನೇ ಬರೆದಿದ್ದರೂ ಜನರ ಬಾಯಲ್ಲಿ ಉಳಿದದ್ದು ಅಠಾರಾ ಕಚೇರಿಯೇ.

ಎರಡು ಅಂತಸ್ತಿನ ಉದ್ದನೆಯ ಕಟ್ಟಡ. ಯುರೋಪಿನ ಪುರಾತನ ದೇವಾಲಯಗಳನ್ನು ನೆನಪಿಸುವ ಕಂಬಸಾಲು, ಗಾಳಿ ಬೆಳಕಿಗೆ ವಿಶಾಲವಾದ ವರಾಂಡ, ಮೈತುಂಬ ಕೆಂಪು ಬಣ್ಣ. ಅದನ್ನು ಕಟ್ಟಿಸುವ ಗುತ್ತಿಗೆ ಹಿಡಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಬಡತನದಲ್ಲಿ ಹುಟ್ಟಿ ವ್ಯಾಪಾರದಿಂದ ಮೇಲೆ ಬಂದ ಈ ಗೃಹಸ್ಥರು ಗಳಿಸಿದ ಹಣದಲ್ಲಿ 1873ರಲ್ಲಿ ದಂಡಿನ ಪ್ರದೇಶದಲ್ಲಿ ಒಂದು ಶಾಲೆ ತೆರೆದರು. ಅವರ ಹೆಸರಿನ ವಿದ್ಯಾಸಂಸ್ಥೆಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ.

ಕಟ್ಟಡದ ಮುಂದೆ ಕುದುರೆಯ ಮೇಲೆ ಕುಳಿತ ಕಬ್ಬನ್ ಪ್ರತಿಮೆ ಬಹುಕಾಲ ಇತ್ತು. ಅದನ್ನು 2020ರ ಜೂನ್‌ನಲ್ಲಿ ಉದ್ಯಾನದ ಒಳಭಾಗಕ್ಕೆ ಸ್ಥಳಾಂತರಿಸಲಾಯಿತು.

ಒಬ್ಬ ಸೈನಿಕನ ಅರ್ಜಿ

ಕೋಲಾರದ ಸೀಮೆಯಲ್ಲಿ ಚಿನ್ನವಿದೆ ಎಂಬುದು ಹೊಸ ಮಾತೇನೂ ಆಗಿರಲಿಲ್ಲ. ಟಿಪ್ಪುವಿನ ಪತನದ ನಂತರ ಸಂಸ್ಥಾನದ ಗಡಿ ಗುರುತಿಸಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿ 1802ರ ಸುಮಾರಿಗೆ ಮಾರಿಕುಪ್ಪಂ ಮೊದಲಾದ ಹಳ್ಳಿಗಳ ಜನ ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಣ್ಣಾರೆ ಕಂಡಿದ್ದ. ಅವನು ಬರೆದ ವರದಿ ಪ್ರಕಟವೂ ಆಯಿತು. ಮುಂದೆ ಕೆಲವರು ಪ್ರಯತ್ನಿಸಿದರು, ಹೆಚ್ಚೇನೂ ಸಿಗಲಿಲ್ಲ. ಹಳೆಯ ಗುಂಡಿಗಳು ಕುಸಿದು ಅಪಘಾತಗಳಾದ್ದರಿಂದ 1859ರಲ್ಲಿ ನೆಲದಡಿಯ ಅಗೆತವನ್ನೇ ಸರ್ಕಾರ ನಿಷೇಧಿಸಿತು.

ಈ ಹಳೆಯ ವರದಿಯನ್ನು ಓದಿ ಆಸಕ್ತಿ ತಳೆದವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ. ಐರಿಷ್ ಮೂಲದ ಈ ಸೈನಿಕ ನ್ಯೂಜಿಲೆಂಡಿನ ಯುದ್ಧದಲ್ಲಿ ಹೋರಾಡಿ, ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ. ನ್ಯೂಜಿಲೆಂಡಿನ ಚಿನ್ನದ ಸುದ್ದಿಗಳು ಅವನ ಕಿವಿಗೆ ಬಿದ್ದಿದ್ದವು. 1871ರಲ್ಲಿ ಎತ್ತಿನ ಗಾಡಿ ಹತ್ತಿ ಸುಮಾರು 60 ಮೈಲಿ ಪ್ರಯಾಣ ಮಾಡಿ ಕೋಲಾರದ ಸೀಮೆ ಸೇರಿದ. ಅದೇ 1871ರಲ್ಲಿ ಮುಂಬಯಿಯಿಂದ ಹೊರಟ ರೈಲು ಮಾರ್ಗ ಗುಲಬರ್ಗಾ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ನಾಡಿನ ಒಂದು ತುದಿಯಲ್ಲಿ ಉಗಿಬಂಡಿ, ಇನ್ನೊಂದು ತುದಿಯಲ್ಲಿ ಎತ್ತಿನ ಗಾಡಿ. ಕಾಲ ಬದಲಾಗುತ್ತಿದ್ದ ರೀತಿ ಅದು.

ಎರಡು ವರ್ಷ ಹುಡುಕಾಡಿ ಲ್ಯಾವೆಲ್ಲೆ ಕುರುಹುಗಳನ್ನು ಗುರುತು ಮಾಡಿಕೊಂಡ. ಕ್ಯಾಲಿಫೋರ್ನಿಯಾದಲ್ಲಾಗಿದ್ದರೆ ಅಂದೇ ಡೇರೆ ಹೊಡೆದು ಅಗೆಯತೊಡಗುತ್ತಿದ್ದ. ಇಲ್ಲಿ ಹಾಗಾಗುವಂತಿರಲಿಲ್ಲ. ನೆಲದೊಳಗಿನದು ಸರ್ಕಾರದ್ದು. 1873ರಲ್ಲಿ ಅವನು ಮೈಸೂರು ಸರ್ಕಾರಕ್ಕೆ ಅರ್ಜಿ ಬರೆದ. ಆಗ ಆ ಸರ್ಕಾರದ ಕಚೇರಿಗಳಿದ್ದದ್ದು ಐದು ವರ್ಷದ ಹಿಂದಷ್ಟೇ ಮುಗಿದಿದ್ದ ಅಠಾರಾ ಕಚೇರಿಯಲ್ಲಿ. ಅಧಿಕಾರಿಗಳಿಗೆ ಚಿನ್ನದ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಬೇಕಾದರೆ ಕಲ್ಲಿದ್ದಲು ಹುಡುಕಿಕೊಳ್ಳಿ ಎಂಬ ಧಾಟಿಯ ಉತ್ತರ ಬಂತು. ಲ್ಯಾವೆಲ್ಲೆ ಪಟ್ಟು ಬಿಡಲಿಲ್ಲ. ಸಿಕ್ಕರೆ ಸರ್ಕಾರಕ್ಕೆ ಲಾಭ, ಸಿಗದಿದ್ದರೆ ಸರ್ಕಾರಕ್ಕೆ ಖರ್ಚಿಲ್ಲ ಎಂಬುದು ಅವನ ವಾದ. ಕೊನೆಗೆ 1875ರ ಫೆಬ್ರವರಿಯಲ್ಲಿ ಇಪ್ಪತ್ತು ವರ್ಷದ ಪರವಾನಗಿ ಸಿಕ್ಕಿತು.

ಆದರೆ ಪರವಾನಗಿ ಪಡೆದವನಿಗೆ ಬಂಡವಾಳ ಇರಲಿಲ್ಲ. 1877ರ ಹೊತ್ತಿಗೆ ಅವನು ತನ್ನ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಿದ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರಲ್ಲಿ ಕಾಲಿಟ್ಟಿತು. 1885ರ ವೇಳೆಗೆ ಚಾಂಪಿಯನ್ ರೀಫ್ ಎಂದು ಹೆಸರಾದ ಸಿರಿವಂತ ಅದಿರಿನ ಪದರ ಕೈಗೆ ಸಿಕ್ಕಿತು. ಅಪ್ಪಣೆ ಪಡೆದವನ ಪಾಲಿಗೆ ಉಳಿದದ್ದು ಬೆಂಗಳೂರಿನ ಒಂದು ರಸ್ತೆಯ ಹೆಸರು.

ಕಾಗದದ ಮೇಲಿನ ನುಗ್ಗಾಟ

ನಮ್ಮಲ್ಲೂ ಚಿನ್ನಕ್ಕಾಗಿ ನುಗ್ಗಾಟ ನಡೆಯಿತು. ಅದು ನಡೆದದ್ದು ಗುಡ್ಡದ ಮೇಲಲ್ಲ, ಲಂಡನ್ನಿನ ಷೇರುಪೇಟೆಯಲ್ಲಿ. 1879ರಿಂದ 1881ರ ನಡುವೆ ಕೇವಲ ವೈನಾಡು, ನೀಲಗಿರಿ ಭಾಗದ ಚಿನ್ನದ ಹೆಸರಿನಲ್ಲೇ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿದವು. ಅವು ಎತ್ತಿದ ಬಂಡವಾಳ ಕಾಗದದ ಮೇಲೆ ನಲವತ್ತು ಲಕ್ಷ ಪೌಂಡಿನಷ್ಟಿತ್ತು. ಚಿನ್ನ ಬಂದದ್ದು ಅತ್ಯಲ್ಪ. ಕೆಲವೇ ವರ್ಷಗಳಲ್ಲಿ ಗುಳ್ಳೆ ಒಡೆಯಿತು. ಕೋಲಾರ ಮಾತ್ರ ನಿಜವಾದ ಗಣಿಯಾಗಿ ಉಳಿಯಿತು.

1881ರಲ್ಲಿ ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂತು. ಗಣಿಯಿಂದ ಬರುವ ರಾಜಧನ ಮೈಸೂರಿನ ಬೊಕ್ಕಸಕ್ಕೆ ದೊಡ್ಡ ಆಸರೆಯಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹರಿದದ್ದು ಊರಿನ ದೀಪಗಳಿಗಲ್ಲ, ಕೋಲಾರದ ಗಣಿಯಂತ್ರಗಳಿಗೆ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷದ ನಂತರ.

ಈ ನಡುವೆ ಅಠಾರಾ ಕಚೇರಿಯ ಪಾತ್ರವೂ ಬದಲಾಯಿತು. 1884ರಲ್ಲಿ ಮೂವರು ನ್ಯಾಯಾಧೀಶರ ಮೈಸೂರು ಚೀಫ್ ಕೋರ್ಟ್ ಸ್ಥಾಪನೆಯಾಯಿತು. 1930ರಲ್ಲಿ ಅದಕ್ಕೆ ಹೈಕೋರ್ಟ್ ಎಂಬ ಹೆಸರು ಬಂತು. ಆಡಳಿತ ಮತ್ತು ನ್ಯಾಯ ಎರಡೂ ಬಹುಕಾಲ ಒಂದೇ ಮಾಡಿನಡಿ ಇದ್ದವು. ಅಪ್ಪಣೆ ಬರೆಯುವ ಲೇಖನಿ ಒಂದು ಕೋಣೆಯಲ್ಲಿ, ತೀರ್ಪು ಬರೆಯುವ ಲೇಖನಿ ಇನ್ನೊಂದು ಕೋಣೆಯಲ್ಲಿ.

ಗಣಿಯ ಊರಿನಲ್ಲಿ ಆ ಲೇಖನಿಯ ಭಾರ ಬಿದ್ದದ್ದು ಕೂಲಿಗಳ ಮೇಲೆ. ಅದಿರಿನ ಕಳವನ್ನು ತಡೆಯುವ ಹೆಸರಿನಲ್ಲಿ ಸಂಸ್ಥಾನ ಗಣಿಗಾಗಿಯೇ ಬಿಗಿಯಾದ ಕಾನೂನು ಮಾಡಿತು. ಪಾಳಿ ಮುಗಿಸಿ ಮೇಲೆ ಬಂದವರ ಮೈ ತಪಾಸಣೆ ದಿನನಿತ್ಯದ ಸಂಗತಿ. ಸಾವಿರಾರು ಅಡಿ ಕೆಳಗೆ, ಬಂಡೆ ಯಾವಾಗ ಸಿಡಿಯುವುದೋ ತಿಳಿಯದ ಕತ್ತಲಲ್ಲಿ ದುಡಿದವರು ಬೆಳಕಿಗೆ ಬಂದ ಕೂಡಲೇ ಶಂಕಿತರಾಗುತ್ತಿದ್ದರು. 1930ರಲ್ಲಿ ಎಲ್ಲ ಕೆಲಸಗಾರರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದಾಗ ತಾಳ್ಮೆಯ ಕಟ್ಟೆ ಒಡೆಯಿತು. ಬೆರಳಚ್ಚು ತೆಗೆಯುವುದು ಕಳ್ಳರದಲ್ಲವೇ ಎಂಬುದು ಅವರ ಪ್ರಶ್ನೆ. ಗಣಿಗಳು ಸುಮಾರು ಮೂರು ವಾರ ಸ್ತಬ್ಧವಾದವು. ನಿಯಮವನ್ನು ಕೈಬಿಡಬೇಕಾಯಿತು. ಸಂಘ ಕಟ್ಟುವ ಹಕ್ಕು ಕೂಡ ಸರಿಯಾಗಿ ಇಲ್ಲದ ಕಾಲದಲ್ಲಿ ನಡೆದ ಈ ಮುಷ್ಕರ ಕರ್ನಾಟಕದ ಕಾರ್ಮಿಕ ಚರಿತ್ರೆಯ ದೊಡ್ಡ ಘಟನೆ.

ಕೋಲಾರದ ಗಣಿ ಸುಮಾರು 120 ವರ್ಷ ನಡೆದು ಸುಮಾರು 800 ಟನ್ ಚಿನ್ನ ಕೊಟ್ಟು 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅಷ್ಟರಲ್ಲಿ ಅದರ ಆಳ ಮೂರು ಕಿಲೋಮೀಟರ್ ದಾಟಿತ್ತು.

ನಿಜಾಮನ ಸೀಮೆಯ ಚಿನ್ನ

ಮೈಸೂರಿನಲ್ಲಿ ಇಷ್ಟೆಲ್ಲ ನಡೆಯುವಾಗ ಕಲಬುರಗಿ ಹೈದರಾಬಾದ್ ನಿಜಾಮನ ರಾಜ್ಯದಲ್ಲಿತ್ತು. ಗುಲಬರ್ಗಾ ಸುಬಾಕ್ಕೆ ಸೇರಿದ್ದ ರಾಯಚೂರು, ಲಿಂಗಸುಗೂರು ಸೀಮೆಯಲ್ಲೂ ಚಿನ್ನವಿತ್ತು. ಹಟ್ಟಿಯಲ್ಲಿ ನಮ್ಮ ಪೂರ್ವಿಕರು ಯಾವ ಯಂತ್ರವೂ ಇಲ್ಲದೆ 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗುರುತುಗಳು ಸಿಕ್ಕಿವೆ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರೆರಚಿ ಸೀಳಿಸುವುದು ಅವರ ವಿಧಾನ. ಆ ಕೆಲಸ ಸುಮಾರು ಎರಡು ಸಾವಿರ ವರ್ಷದಷ್ಟು ಹಳೆಯದೆಂದು ತಜ್ಞರು ಹೇಳುತ್ತಾರೆ.

ಇಲ್ಲಿಯೂ ಆಧುನಿಕ ಕಾಲದ ಚಿನ್ನ ಆರಂಭವಾದದ್ದು ಕಾಗದದಿಂದಲೇ. 1886ರಲ್ಲಿ ನಿಜಾಮ್ ಸರ್ಕಾರ ಇಡೀ ರಾಜ್ಯದ ಗಣಿ ಹಕ್ಕನ್ನು 99 ವರ್ಷಕ್ಕೆ ಲಂಡನ್ನಿನ ಗುಂಪೊಂದಕ್ಕೆ ಬರೆದುಕೊಟ್ಟಿತು. ಅದರಿಂದ ಹುಟ್ಟಿದ್ದು ಹೈದರಾಬಾದ್ ಡೆಕ್ಕನ್ ಕಂಪನಿ. ಷೇರುಗಳ ವ್ಯವಹಾರದಲ್ಲಿ ಮೋಸ ನಡೆದಿದೆ, ನಿಜಾಮನ ಹಣ ಕೈಬಿಟ್ಟಿದೆ ಎಂಬ ಕೂಗು ಎದ್ದಿತು. 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆ ಈ ಹಗರಣದ ವಿಚಾರಣೆಗೆ ಸಮಿತಿಯನ್ನೇ ನೇಮಿಸಿತು. ನಿಜಾಮ್ ಸರ್ಕಾರದ ಹಿರಿಯ ಅಧಿಕಾರಿ ಅಬ್ದುಲ್ ಹಕ್ ಹುದ್ದೆ ಕಳೆದುಕೊಂಡರು. ಲಿಂಗಸುಗೂರಿನ ನೆಲದೊಳಗಿನ ಚಿನ್ನದ ಲೆಕ್ಕಾಚಾರ ಥೇಮ್ಸ್ ನದಿಯ ದಂಡೆಯಲ್ಲಿ ನಡೆಯಿತು. ಹಟ್ಟಿಯ ಕಡೆಯವರಿಗೆ ಅದರ ಸುಳಿವು ಎಷ್ಟು ಹತ್ತಿರಬಹುದು?

ಚಿನ್ನ ಹುಡುಕುವವರಿಂದ ಒಂದು ಉಪಕಾರವೂ ಆಯಿತು. 1915ರಲ್ಲಿ ಮಸ್ಕಿಯ ಬಳಿ ಅದಿರಿನ ಜಾಡು ಹಿಡಿದು ಅಲೆಯುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಂಡೆಯೊಂದರ ಮೇಲಿನ ಅಕ್ಷರಗಳು ಬಿದ್ದವು. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮೊದಲ ಶಾಸನವಾಗಿ ಅದು ಹೆಸರಾಯಿತು. ಶಾಸನಗಳ 'ದೇವಾನಾಂಪ್ರಿಯ' ಯಾರೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ಚಿನ್ನದ ಹುಡುಕಾಟದ ದಾರಿಯಲ್ಲಿ.

ಹಟ್ಟಿಯ ಗಣಿ 20ನೇ ಶತಮಾನದ ಆರಂಭದಲ್ಲಿ ತೆರೆದು 1920ರಲ್ಲಿ ಮುಚ್ಚಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಗಿ ಮತ್ತೆ ಜೀವ ಪಡೆಯಿತು. ಹಟ್ಟಿ ಚಿನ್ನದ ಗಣಿ ಕಂಪನಿ ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ಕೋಲಾರ ಮುಚ್ಚಿದ ಮೇಲೆ ದೇಶದಲ್ಲಿ ಅತಿ ಹೆಚ್ಚು ಚಿನ್ನ ತೆಗೆದ ಗಣಿ ಇದೇ.

ಹೈದರಾಬಾದಿನಿಂದ ಬೆಂಗಳೂರಿಗೆ

ಗುಲಬರ್ಗಾ ಸೀಮೆಯ ಮೊಕದ್ದಮೆಗಳ ಮೇಲ್ಮನವಿ ಆಗ ಹೋಗುತ್ತಿದ್ದುದು ಹೈದರಾಬಾದಿಗೆ. 1908ರ ಮೂಸಿ ಪ್ರವಾಹದ ನಂತರ ನಗರವನ್ನು ಮತ್ತೆ ಕಟ್ಟುವ ಕಾಲದಲ್ಲಿ ನದಿಯ ದಂಡೆಯ ಮೇಲೆ ಹೈಕೋರ್ಟಿನ ಭವ್ಯ ಕಟ್ಟಡ ಎದ್ದಿತು. ಅದು ಕೆಲಸ ಆರಂಭಿಸಿದ್ದು 1920ರಲ್ಲಿ. ಗುಮ್ಮಟ, ಕಮಾನುಗಳ ಆ ಕಟ್ಟಡವೂ ಕೆಂಪುಛಾಯೆಯದೇ. ನ್ಯಾಯಾಲಯದ ಭಾಷೆ ಉರ್ದು.

1956ರ ನವೆಂಬರ್ 1ರಂದು ಗುಲಬರ್ಗಾ, ಬೀದರ, ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಿಗರು ಒಂದಾದ ಸಂಭ್ರಮದ ನಡುವೆ ಒಂದು ಸಣ್ಣ ಬದಲಾವಣೆಯೂ ಆಯಿತು. ಸುಮಾರು 220 ಕಿ.ಮೀ. ದೂರದಲ್ಲಿದ್ದ ಹೈಕೋರ್ಟು ಸುಮಾರು 600 ಕಿ.ಮೀ. ದೂರ ಹೋಯಿತು.

ಭಾಷೆಯ ತೊಡಕು ಮಾತ್ರ ಊಹಿಸಿದಷ್ಟು ಇರಲಿಲ್ಲ. ವಕೀಲ, ಫಿರ್ಯಾದಿ, ಜಾಮೀನು, ಜಪ್ತಿ, ದಾವೆ, ವಕಾಲತ್ತು, ಹಾಜರು, ಕೊನೆಗೆ ಕಚೇರಿ ಎಂಬ ಮಾತು ಕೂಡ ಎರಡೂ ಕಡೆಯ ಕೋರ್ಟುಗಳಲ್ಲಿ ಒಂದೇ. ಒಡೆಯರ ಮೈಸೂರೂ ನಿಜಾಮನ ಹೈದರಾಬಾದೂ ಬೇರೆ ಬೇರೆ ದಾರಿಯಲ್ಲಿ ಹೆಚ್ಚಾಗಿ ಪಾರಸಿ, ಅರಬ್ಬಿ ಮೂಲದ ಅದೇ ಮಾತುಗಳನ್ನು ಪಡೆದಿದ್ದವು. ಗುಲಬರ್ಗಾದಿಂದ ಹೋದ ವಕೀಲರಿಗೆ 'ಅಠಾರಾ ಕಚೇರಿ' ಎಂಬ ಹೆಸರು ಮೈಸೂರಿನವರಿಗಿಂತ ಚೆನ್ನಾಗಿಯೇ ಅರ್ಥವಾಗಿದ್ದೀತು.

ಅದೇ ವರ್ಷ ಎದುರಿನ ವಿಧಾನಸೌಧ ಪೂರ್ಣಗೊಂಡಿತು. ಬ್ರಿಟಿಷರು ಕಟ್ಟಿದ ಕೆಂಪು ಕಚೇರಿಗೆ ಉತ್ತರವೆಂಬಂತೆ ಕೆಂಗಲ್ ಹನುಮಂತಯ್ಯನವರು ದ್ರಾವಿಡ ಶೈಲಿಯ ಆ ಕಲ್ಲಿನ ಸೌಧವನ್ನು ಕಟ್ಟಿಸಿದರೆಂಬ ಮಾತಿದೆ. ಸಚಿವಾಲಯದ ಇಲಾಖೆಗಳು ರಸ್ತೆ ದಾಟಿ ಅಲ್ಲಿಗೆ ಹೋದವು. ಅಠಾರಾ ಕಚೇರಿಯಲ್ಲಿ ಹದಿನೆಂಟರ ಪೈಕಿ ಒಂದೂ ಉಳಿಯಲಿಲ್ಲ. ಉಳಿದದ್ದು ನ್ಯಾಯಾಲಯ ಒಂದೇ.

ಕಟ್ಟಡವೇ ಕಕ್ಷಿದಾರನಾದಾಗ

ರಾಜ್ಯ ಬೆಳೆದಂತೆ ಮೊಕದ್ದಮೆಗಳೂ ಬೆಳೆದವು. ನ್ಯಾಯಮೂರ್ತಿಗಳ ಸಂಖ್ಯೆ ಹೆಚ್ಚಿತು. ಕಡತಗಳಿಗೆ ಜಾಗವಿಲ್ಲ, ವಕೀಲರಿಗೆ ಕೂರಲು ಜಾಗವಿಲ್ಲ. ಕಟ್ಟಡಕ್ಕೂ ವಯಸ್ಸಾಗಿತ್ತು. 1982ರಲ್ಲಿ ಇದನ್ನು ಕೆಡವಿ ಹೊಸದನ್ನು ಕಟ್ಟುವ ಪ್ರಸ್ತಾಪ ಬಂತು.

ವಾದಕ್ಕೆ ಎರಡೂ ಕಡೆ ಬಲವಿತ್ತು. ಸೋರುವ ಮಾಡಿನಡಿ, ಇಕ್ಕಟ್ಟಿನ ಕೋಣೆಯಲ್ಲಿ ನ್ಯಾಯದಾನ ನಡೆಯಬೇಕೆ? ಪರದೇಶಿ ಆಡಳಿತದ ಗುರುತನ್ನು ಲಕ್ಷಾಂತರ ರೂಪಾಯಿ ಸುರಿದು ಕಾಪಾಡುವ ಅಗತ್ಯವೇನು? ಹೀಗೆ ಕೇಳಿದವರನ್ನು ತಪ್ಪೆನ್ನಲಾಗದು. ಆದರೆ ಇನ್ನೊಂದು ಕಡೆಯವರ ಮಾತೂ ಸರಿಯೇ ಇತ್ತು. ಕಟ್ಟಡದ ನಕ್ಷೆ ವಿದೇಶಿಯದಿರಬಹುದು, ಗುತ್ತಿಗೆ ಹಿಡಿದವರು, ಕಲ್ಲು ಹೊತ್ತವರು ಈ ನೆಲದವರು. ಇಡೀ ಸಂಸ್ಥಾನದ ಆಧುನಿಕ ಚರಿತ್ರೆ ಆ ಗೋಡೆಗಳ ನಡುವೆ ನಡೆದಿದೆ. ಒಮ್ಮೆ ಕೆಡವಿದರೆ ಮತ್ತೆ ಕಟ್ಟಲಾಗದು.

ವಿವಾದ ಕೋರ್ಟಿನ ಮೆಟ್ಟಿಲು ಹತ್ತಿತು. ಎಲ್ಲಿಯ ಕೋರ್ಟು? ಅದೇ ಕಟ್ಟಡದ್ದು. ಕಟ್ಟಡವನ್ನು ಉಳಿಸಬೇಕೆಂದು ನಾಗರಿಕರು 1984ರಲ್ಲಿ ಸಲ್ಲಿಸಿದ ಅರ್ಜಿಯ ವಿಚಾರಣೆ ಆ ಕಟ್ಟಡದೊಳಗೇ ನಡೆಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂಬ ಮಾತು ಆಗಷ್ಟೇ ದೇಶದಲ್ಲಿ ಬಳಕೆಗೆ ಬರುತ್ತಿತ್ತು. ಕರ್ನಾಟಕದಲ್ಲಿ ಆ ಬಗೆಯ ಮೊದಮೊದಲ ಅರ್ಜಿಗಳ ಸಾಲಿನಲ್ಲಿ ಇದು ನಿಲ್ಲುತ್ತದೆ. ನ್ಯಾಯ ಕೇಳಲು ಬಂದವರಿಗೆಲ್ಲ ನೆರಳು ಕೊಟ್ಟ ಮನೆ ತನ್ನ ಅಳಿವು ಉಳಿವಿನ ಮಾತನ್ನು ತಾನೇ ಕೇಳಿಸಿಕೊಂಡಿತು.

ಅಂತೂ ಅಠಾರಾ ಕಚೇರಿ ಉಳಿಯಿತು. ಬೇಕಾದ ಜಾಗವನ್ನು ಹಿಂಭಾಗದಲ್ಲಿ ಮೂಲದ ಬಣ್ಣ, ರೂಪಗಳಿಗೆ ಹೊಂದುವ ಹೊಸ ಭಾಗಗಳಿಂದ ಒದಗಿಸಲಾಯಿತು. ಆದರೂ ಸ್ಥಳದ ಅಭಾವದ ಮಾತು ನಿಂತಿಲ್ಲ. ಹೈದರಾಬಾದಿನ ಹಳೆಯ ಹೈಕೋರ್ಟಿಗೂ ಇದೇ ಪರಿಸ್ಥಿತಿ. ಅಲ್ಲಿ ನಗರದ ಇನ್ನೊಂದು ಭಾಗದಲ್ಲಿ ಹೊಸ ಸಂಕೀರ್ಣಕ್ಕೆ 2024ರಲ್ಲಿ ಶಂಕುಸ್ಥಾಪನೆಯಾಗಿದೆ.

ದೂರದ ಬೆಲೆ

ಕಟ್ಟಡ ಉಳಿದದ್ದು ಸಂತೋಷವೇ. ಆದರೆ ಕಲಬುರಗಿ ಸೀಮೆಯವರಿಗೆ ಅದರ ಚೆಲುವಿಗಿಂತ ಅದರ ದೂರವೇ ಹೆಚ್ಚು ಪರಿಚಿತ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಕಲಬುರಗಿಯಿಂದ ಸುಮಾರು 35 ಕಿ.ಮೀ. ದೂರ. ಅಲ್ಲಿಯ ರೈತನೊಬ್ಬನಿಗೆ ಹೊಲದ ಬಾಂದಿನ ವ್ಯಾಜ್ಯದಲ್ಲಿ ಕೆಳಗಿನ ಕೋರ್ಟಿನ ತೀರ್ಪು ಒಪ್ಪಿಗೆಯಾಗದಿದ್ದರೆ ಹಿಂದೆ ಏನು ಮಾಡಬೇಕಿತ್ತು? ಮೊದಲು ಬಸ್ಸು ಹಿಡಿದು ಕಲಬುರಗಿಗೆ ಬರಬೇಕು. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯಬೇಕು. ಗೊತ್ತಿಲ್ಲದ ಊರಿನಲ್ಲಿ ವಕೀಲರ ಮನೆ ಹುಡುಕಬೇಕು. ಕೆಂಪು ಕಟ್ಟಡದ ವರಾಂಡದಲ್ಲಿ ದಿನವಿಡೀ ಕಾಯಬೇಕು. ಅಂದು ವಿಚಾರಣೆ ಮುಂದಕ್ಕೆ ಹೋದರೆ ಮತ್ತೆ ರಾತ್ರಿ ರೈಲು. ಬಿತ್ತನೆಯ ಕಾಲದಲ್ಲಿ ಮೂರು ದಿನ ಹೊಲ ಬಿಡುವುದೆಂದರೆ ಅದೇ ಒಂದು ದಂಡ. ಖರ್ಚಿನ ಲೆಕ್ಕ ಹಾಕಿ ಮೇಲ್ಮನವಿಯ ಆಸೆಯನ್ನೇ ಬಿಟ್ಟವರು ಎಷ್ಟೋ.

ಹೀಗಾಗಿ ಉತ್ತರ ಕರ್ನಾಟಕಕ್ಕೆ ಹೈಕೋರ್ಟ್ ಪೀಠ ಬೇಕೆಂಬ ಬೇಡಿಕೆ ಎದ್ದಿತು. ವಕೀಲರು ವರ್ಷಗಟ್ಟಲೆ ಹೋರಾಡಿದರು, ಕಲಾಪ ಬಹಿಷ್ಕರಿಸಿದರು. 2008ರ ಜುಲೈನಲ್ಲಿ ಧಾರವಾಡ ಮತ್ತು ಆಗಿನ ಗುಲಬರ್ಗಾದಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರ ಆಗಸ್ಟ್‌ನಲ್ಲಿ ಎರಡೂ ಕಾಯಂ ಪೀಠಗಳಾದವು. ವಿಶಾಲ ಮೈಸೂರು ಸೇರಿ 52 ವರ್ಷ ಕಳೆದ ಮೇಲೆ ಈ ಭಾಗದ ಕಕ್ಷಿದಾರನಿಗೆ ಹೈಕೋರ್ಟಿನ ಬಾಗಿಲು ಹತ್ತಿರವಾಯಿತು.

ಹಳೆಯ ಕಟ್ಟಡವನ್ನು ಉಳಿಸುವುದೆಂದರೆ ಸುಣ್ಣಬಣ್ಣ ಬಳಿದು ಬೀಗ ಹಾಕುವುದು ಎಂಬ ತಿಳಿವಳಿಕೆ ನಮ್ಮಲ್ಲಿದೆ. ಬೀಚ್‌ವರ್ತ್‌ನ ನ್ಯಾಯಾಲಯ ಸ್ಮಾರಕವಾಯಿತು. ಮಾರಿಪೋಸಾ ಮತ್ತು ಅಠಾರಾ ಕಚೇರಿಗಳು ಮುಪ್ಪಿನಲ್ಲೂ ಕೆಲಸದಲ್ಲಿವೆ. ಕೆಡವಬೇಕೆಂದವರೂ ಉಳಿಸಬೇಕೆಂದವರೂ ಜಗಳವಾಡಲು ಅದೇ ಕಟ್ಟಡಕ್ಕೆ ಹೋಗಬೇಕಾಯಿತು ಎಂಬುದೇ ಅದರ ಬಲ. ಆದರೆ ನ್ಯಾಯಾಲಯ ನಿಜವಾಗಿ ಉಳಿಯುವುದು ಗೋಡೆ ಉಳಿದಾಗಲ್ಲ, ಅಲ್ಲಿಗೆ ಬರಬೇಕಾದವನು ಬರಲು ಸಾಧ್ಯವಾದಾಗ.

ಕಲಬುರಗಿ ಪೀಠದ ವ್ಯಾಪ್ತಿಯಲ್ಲಿ ಇಂದು ರಾಯಚೂರು ಜಿಲ್ಲೆಯೂ ಇದೆ. ಅಂದರೆ ಹಟ್ಟಿಯ ಗಣಿಯೂ ಇದೆ. ಒಂದು ಕಾಲಕ್ಕೆ ಲಂಡನ್ನಿನಲ್ಲಿ ವಿಚಾರಣೆಗೆ ಬಂದ ನೆಲದ ಚಿನ್ನ ಅದು. ಇಂದು ಅಲ್ಲಿಯ ಗಣಿ ಕಾರ್ಮಿಕ ತನ್ನ ಕೂಲಿಗಾಗಿ, ಅಲ್ಲಿಯ ರೈತ ತನ್ನ ಜಮೀನಿಗಾಗಿ ಹೈಕೋರ್ಟಿಗೆ ಬರಬೇಕೆಂದರೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿಲ್ಲ. ಬೆಳಿಗ್ಗೆ ಬಸ್ಸು ಹಿಡಿದು ಕಲಬುರಗಿಗೆ ಬಂದರೆ ಸಾಕು.